ಎರಡು ಕಮ್ಮಿ ಹೇಳುವ ಹುಡುಗಿ

ಕೊಯಮತ್ತೂರು,
9 ಅಕ್ಟೋಬರ್ 2016, ಭಾನುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ನೀವು ದಿನವೂ ಬಸ್ ಸ್ಟ್ಯಾಂಡಿನ ತನಕ ನಡೆದು ಬರುತ್ತೀರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಉಡುಮಲೈಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನೋಡುವಂಥದ್ದು ಏನಿದೆ? ಪೊಳ್ಳಾಚಿ ಸಂತೆಗೆ ಹೋಗುವ ಲಾರಿಗಳಲ್ಲಿ ಎಂಥ ಎತ್ತುಗಳು ನಿಂತಿವೆ ಎಂದು ಅಂದಾಜು ಹಾಕುವುದಕ್ಕೇ ಹೋಗುತ್ತೀರಿ, ನನಗೆ ಗೊತ್ತು. ಹೋಗಿ, ಬೇಡ ಎನ್ನುವುದಿಲ್ಲ. ಆದರೆ ನಾನು ಕಳಿಸಿದ ತೈಲ ಹಚ್ಚಿಕೊಂಡು ಹೋಗಿ. ಬಾಟಲಿಯ ಮುಚ್ಚಳವನ್ನೇ ತೆಗೆದಿಲ್ಲವಂತೆ. ನಿಮಗೆ ನನ್ನ ಮೇಲೆ ಸಿಟ್ಟಿರುವುದು ಎಣ್ಣೆಗೆ ಗೊತ್ತಿಲ್ಲ ಅಪ್ಪಾ, ಅದರ ಕೆಲಸ ಮಂಡಿಯ ಜೊತೆ ಮಾತ್ರ.

ವಿಶೇಷ ಮಕ್ಕಳ ಮೇಷ್ಟ್ರಾಗುವ ಈ ಓದಿಗೆ ಏನೇನು ಖರ್ಚಾಯಿತು ಎಂದು ನೀವು ಕೇಳುವುದಿಲ್ಲ. ಕೇಳದಿದ್ದರೂ ಒಪ್ಪಿಸುತ್ತೇನೆ, ದನದ ದಲ್ಲಾಳಿಯ ಮಗನಲ್ಲವೇ. ಮೂವತ್ತೊಂಬತ್ತರಿಂದ ಶುರುಮಾಡಿ ಆಯುಷ್ಯದ ಎರಡು ವರ್ಷ. ಅರವತ್ತಮೂರು ಪಾಠ ಯೋಜನೆ, ಅವುಗಳಲ್ಲಿ ನಲವತ್ತನ್ನು ಕೆಂಪು ಗೀಟು ಬಿದ್ದ ಮೇಲೆ ಮತ್ತೆ ಬರೆದದ್ದು. ಒಂದು ಮೀಸೆ, ಮುಖ ಮುಟ್ಟಿ ಗುರುತು ಹಿಡಿಯುವ ಮಕ್ಕಳು ಅದನ್ನು ಕೀಳಲು ಬಂದ ಮೇಲೆ ಬೋಳಿಸಿದೆ. ಬಲಗೈ ಹೆಬ್ಬೆರಳ ಮೇಲೆ ನಾಲ್ಕು ಹಲ್ಲಿನ ಗುರುತು. "ನಾಲಿಗೆಯಿಂದ ಅನ್ನ ತಿಂದ ಮನೆ ಇದು. ಮಾತೇ ಬಾರದ ಮಕ್ಳ ಹತ್ರ ಏನ್ಲಾ ವ್ಯಾಪಾರ ನಿಂಗೆ?" ಎಂದು ನೀವು ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಗೆ ಹೋದಿರಲ್ಲ, ಅದನ್ನು ಯಾವ ಬಾಬತ್ತಿಗೆ ಹಾಕಬೇಕೋ ತಿಳಿಯದೆ ಬಿಟ್ಟಿದ್ದೇನೆ.

ನಿಮ್ಮ ಪ್ರಶ್ನೆಗೆ ಅವತ್ತು ಉತ್ತರ ಹೇಳಲಿಲ್ಲ, ಈಗ ಹೇಳುತ್ತೇನೆ. ಸಂತೆಯ ವ್ಯಾಪಾರ ಫೋನಿಗೆ ಹೋದ ಮೇಲೆ ನಾಲ್ಕು ವರ್ಷ ನಾನು ಪೊಳ್ಳಾಚಿಯ ವಿಶೇಷ ಮಕ್ಕಳ ಶಾಲೆಯ ವ್ಯಾನು ಓಡಿಸಿದ್ದು ನಿಮಗೆ ಗೊತ್ತು. ಅದರಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಒಂದು ಹುಡುಗಿ ಕೂರುತ್ತಿತ್ತು. ಹೆಸರು ಪೂವಿಳಿ, ಅಂದರೆ ಹೂಗಣ್ಣಿ. ಇಟ್ಟವರಿಗೆ ಆಗ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಕುರುಡು ಮಕ್ಕಳ ಟೀಚರಿಗೆ ಅವಳು ಕಿವುಡಿ, ಕಿವುಡು ಮಕ್ಕಳ ಟೀಚರಿಗೆ ಅವಳು ಕುರುಡಿ. ಕಲಿಸುವವರು ಸಿಗದಿದ್ದರೆ ಮನೆಗೇ ಕಳಿಸಬೇಕು ಎಂದು ಹೆಡ್‌ಮಿಸ್ ಹೇಳಿದ ದಿನ, ತೆಂಗಿನ ನಾರಿನ ಕಾರ್ಖಾನೆಯಲ್ಲಿ ದುಡಿಯುವ ಅವಳ ತಾಯಿ ದೈವಾತ್ತಾ ವ್ಯಾನಿನ ಬಾಗಿಲು ಹಿಡಿದು ನಿಂತಳು. "ಮನೇಲಿ ಬಿಟ್ರೆ ಹಗ್ಗ ಕಟ್ಟಿ ಕೂರಿಸ್ಬೇಕು ಸಾಮಿ. ಹೊಟ್ಟೆಗಾಗಿ ಹಗ್ಗ ಹೊಸೀತೀನಿ, ಮಗಳಿಗಾಗಿ ಹೊಸೀಲಾ?" ಅಂದಳು. ನಾನು ಗೇರು ಹಾಕಲಿಲ್ಲ, ಇಳಿದು ಒಳಗೆ ಹೋದೆ. ಪಿಯುಸಿ ಪಾಸಾದವನಿಗೆ ಇಂಥ ಮಕ್ಕಳಿಗೆ ಕಲಿಸುವ ಈ ತರಬೇತಿಗೆ ಸೀಟು ಸಿಗುತ್ತದೆ ಎಂದು ತಿಳಿಯಿತು. "ನೀನು ಪಾಸಾಗೋ ತನಕ ಇವಳನ್ನ ಇಟ್ಕೋತೀವಿ, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ" ಎಂದರು ಹೆಡ್‌ಮಿಸ್. ಮಾತು ಕೊಟ್ಟು ಬಂದೆ.

ಇಲ್ಲಿ ನನ್ನ ಸಹಪಾಠಿಗಳಿಗೆಲ್ಲ ಇಪ್ಪತ್ತು, ಇಪ್ಪತ್ತೊಂದು. ನನ್ನನ್ನು ಮಾಮಾ ಎನ್ನುತ್ತಾರೆ. ಮೊದಲ ಪಾಠದ ದಿನವೇ "ಮಾಮಾ, ಅಕ್ಷರ ಕಲಿಸ್ತಿದ್ದೀರೋ ಹಸು ಹರಾಜು ಹಾಕ್ತಿದ್ದೀರೋ?" ಎಂದು ನಕ್ಕರು. ನಮ್ಮ ಜೆಬಮಣಿ ಟೀಚರು ನಗಲಿಲ್ಲ, ಅದು ಇನ್ನೂ ಕೆಟ್ಟದ್ದು. "ಕಿಟ್ಟುಸಾಮಿ, ಪ್ರಶ್ನೇನೂ ನಿಂದೇ, ಉತ್ತರಾನೂ ನಿಂದೇ. ಮಧ್ಯ ಈ ಮಗು ಯಾಕೆ, ಮನೇಗೆ ಕಳಿಸೋಣ್ವಾ?" ಅಂದರು. ಮಗುವಿಗೆ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಬಾಯಿ ತೆರೆಯಬಾರದು ಎಂಬುದು ಅವರ ನಿಯಮ. ಇಪ್ಪತ್ತು ವರ್ಷ ಎದುರಿನವನಿಗೆ ಉಸಿರಾಡಲು ಬಿಡದೆ ವ್ಯಾಪಾರ ಮುಗಿಸಿದವನಿಗೆ ಆ ಹತ್ತು ಎಣಿಕೆ ಎಷ್ಟು ಉದ್ದ ಎಂದು ನಿಮಗೊಬ್ಬರಿಗೇ ಅರ್ಥವಾದೀತು.

ಅಭ್ಯಾಸದ ಪಾಠಗಳಿಗೆ ನಾನು ಪೊಳ್ಳಾಚಿಯ ಶಾಲೆಯನ್ನೇ ಕೇಳಿ ಹಾಕಿಸಿಕೊಂಡೆ. ಪೂವಿಳಿಯ ಕೈ ಹಿಡಿದು ಲೋಟ ಮುಟ್ಟಿಸಲು ಹೋದ ಮೊದಲ ದಿನವೇ ಹೆಬ್ಬೆರಳು ಕಚ್ಚಿದಳು. ಪಾಠ ನೋಡಲು ಬಂದಿದ್ದ ಜೆಬಮಣಿ ಟೀಚರು ಅರಿಶಿನ ಮೆತ್ತುತ್ತಾ, "ಕೈಯನ್ನ ಮೇಲಿಂದ ಹಿಡಿಯೋನು ಪೊಲೀಸು, ಕೆಳಗಿಂದ ಕೊಡೋನು ಮೇಷ್ಟ್ರು" ಎಂದರು. ಆಗ ನನಗೆ ಹೊಳೆಯಿತು ಅಪ್ಪಾ. ಸಂತೆಯಲ್ಲಿ ಬೆಲೆ ಪಕ್ಕದವರಿಗೆ ತಿಳಿಯದಂತೆ ಟವಲಿನ ಕೆಳಗೆ ನಾವು ಮಾಡುತ್ತಿದ್ದುದು ಇದನ್ನೇ ಅಲ್ಲವೇ? ಮಾರುವವನು ಕೈ ಚಾಚುತ್ತಾನೆ, ಕೊಳ್ಳುವವನು ಬೆರಳು ಹಿಡಿಯುತ್ತಾನೆ. ಒಂದರಿಂದ ಐದರವರೆಗೆ ಬೆರಳು, ಆರರಿಂದ ಒಂಬತ್ತರವರೆಗೆ ಬೆರಳಿನ ಬುಡ, ಒಪ್ಪಿಗೆಯಾದರೆ ಅಂಗೈಗೆ ಒಂದು ಒತ್ತು. ಕಣ್ಣು ಬೇಡ, ಕಿವಿ ಬೇಡ. ಟವಲೂ ಬೇಕಿರಲಿಲ್ಲ, ಅವಳ ಪಾಲಿಗೆ ಊರೆಲ್ಲ ಟವಲಿನ ಕೆಳಗೇ ಇದೆ. ಅಂಗೈ ಮೇಲೆ ಮಾಡಿ ಅವಳ ತೊಡೆಯ ಪಕ್ಕ ಇಟ್ಟು ಕೂತೆ. ಹತ್ತಲ್ಲ, ಹನ್ನೊಂದು ದಿನ ಕೂತೆ. ಹನ್ನೆರಡನೆಯ ದಿನ ಅವಳೇ ನನ್ನ ಕಿರುಬೆರಳು ಹಿಡಿದಳು.

ಆಮೇಲೆ ಓಟ. ಒಂದು ಬೆಲ್ಲದ ತುಂಡಿಗೆ ಏಳು ಹುಣಸೆ ಬೀಜ ಎಂದು ನಾನು ಹೇಳಬೇಕು, ಅವಳು ಐದು ಎಂದು ಹಿಡಿಯಬೇಕು, ನಾನು ಆರಕ್ಕೆ ಇಳಿಯಬೇಕು, ಅವಳು ಅಂಗೈ ಒತ್ತಬೇಕು. ಬೀಜ ಎಣಿಸಿ ಕೊಟ್ಟು ಬೆಲ್ಲ ಬಾಯಿಗೆ ಹಾಕಿಕೊಂಡು ನಗುತ್ತಿದ್ದಳು. ಅವಳಿಗೆ ನಗು ಬರುತ್ತದೆ ಎಂಬುದು ದೈವಾತ್ತಾಳಿಗೂ ಗೊತ್ತಿರಲಿಲ್ಲ. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ. ಅಲ್ಲೇ ಎಡವಿದ್ದು.

ಕಳೆದ ತಿಂಗಳು ಕೊನೆಯ ಪರೀಕ್ಷೆ. ಚೆನ್ನೈಯಿಂದ ಬಂದ ಪರೀಕ್ಷಕರು ನನ್ನಿಂದ ಸನ್ನೆಯನ್ನೆಲ್ಲ ಕೇಳಿ ತಿಳಿದುಕೊಂಡು, ಅವಳ ಬೊಗಸೆಗೆ ಏಳು ಬೀಜ ಹಾಕಿ, ತಮ್ಮ ಕೈ ಕೊಟ್ಟರು. ಅವಳು ನಿಧಾನವಾಗಿ ಎಣಿಸಿ ಐದು ಎಂದು ಹಿಡಿದಳು. ಐದು ಹಾಕಿದರು, ಮೂರು ಎಂದಳು. ಒಂಬತ್ತು ಹಾಕಿದರು, ಏಳು. "ಎಣಿಕೆ ಬಂದಿಲ್ಲ" ಎಂದು ಅವರು ಬರೆಯತೊಡಗಿದರು. ಎಣಿಕೆ ಬಂದಿದೆ ಅಪ್ಪಾ! ಎದುರಿಗೊಂದು ಕೈ ಬಂದರೆ ಅದು ಮಾರುವವನ ಕೈ, ಅದಕ್ಕೆ ಎರಡು ಇಳಿಸಿಯೇ ಹೇಳಬೇಕು ಎಂದು ಕಲಿಸಿದವನು ನಾನೇ. "ಸಾರ್, ಎಣಿಸೋಕೆ ಬಾರದೋರು ಪ್ರತೀ ಸಲ ಸರಿಯಾಗಿ ಎರಡೇ ಹೇಗೆ ತಪ್ತಾರೆ?" ಎಂದೆ. ಅವರು ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕರು. "ಏನಯ್ಯಾ, ಮಗೂನ ದಲ್ಲಾಳಿ ಮಾಡಿದ್ದೀಯಾ!" ಎಂದರು. ನಕ್ಕ ಮೇಲೆ ಮತ್ತೆ ಪೆನ್ನು ಎತ್ತಿಕೊಂಡರು. "ನಾಳೆ ಯಾರಾದ್ರೂ ಎಷ್ಟು ಮಾತ್ರೆ ನುಂಗಿದೆ ಅಂತ ಕೇಳಿದ್ರೆ, ಅಲ್ಲೂ ಎರಡು ಕಮ್ಮಿ ಹೇಳ್ತಾಳಾ ಇವಳು?" ಹತ್ತು ಎಣಿಸಿ, "ಹೇಳ್ತಾಳೆ ಸಾರ್" ಎಂದೆ. ಅವರು ಹೇಳಿದ್ದು ಸರಿ.

ಪಾಸಾಗಲು ಐವತ್ತು ಬೇಕು, ನನಗೆ ಬಂದದ್ದು ನಲವತ್ತೊಂದು. ಮರುಪರೀಕ್ಷೆ ಜನವರಿಯ ಕೊನೆಯ ವಾರ. ಹೆಡ್‌ಮಿಸ್ ಅಲ್ಲಿಯವರೆಗೆ ಕಾಯಲು ಒಪ್ಪಿದ್ದಾರೆ, ಆಮೇಲೆ ಪೂವಿಳಿ ಮನೆಗೆ. ನಾನು ಬಿಡುವವನಲ್ಲ. ಹಾಸ್ಟೆಲಿನ ಕೋಣೆಗೆ ಜನವರಿಯವರೆಗೂ ಹೇಳಿಟ್ಟಿದ್ದೇನೆ, ವಾರಕ್ಕೆ ನಾಲ್ಕು ದಿನ ಪೊಳ್ಳಾಚಿಗೆ ಹೋಗಿಬರುತ್ತೇನೆ. ಆದರೆ ನನ್ನ ಕೈ ಸಿಕ್ಕ ಕೂಡಲೇ ಅವಳು ಚೌಕಾಸಿಗೆ ಇಳಿಯುತ್ತಾಳೆ. "ನಿನ್ನ ಕೈ ಅವಳಿಗೆ ಸಂತೆ ಕಣಯ್ಯಾ, ಸಂತೇಲಿ ಯಾರಾದ್ರೂ ನಿಜ ಹೇಳ್ತಾರಾ?" ಎನ್ನುತ್ತಾರೆ ಟೀಚರು. ಅವರ ಕೈಯಲ್ಲೂ ಅವಳು ಎರಡು ಇಳಿಸಿದಳು. ಅವರು ತಪ್ಪು ಎಂದು ತಲೆಯಾಡಿಸಿದರೆ ಅವಳಿಗೆ ಕಾಣುವುದೆಲ್ಲಿಂದ? ತಾಯಿಯ ಕೈ ಸಿಕ್ಕರೆ ಸುಮ್ಮನೆ ಕೆನ್ನೆಗೆ ಒತ್ತಿಕೊಂಡು ಕೂರುತ್ತಾಳೆ, ಲೆಕ್ಕದ ಮಾತೇ ಇಲ್ಲ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳಿ. ಮಕ್ಕಳಿಗೆ ಮುತ್ತು. ನಿಮ್ಮ ಸೊಸೆ ಸರಸು ನಿಮ್ಮ ಕಾಲಿಗೆ ನಮಸ್ಕಾರ ಬರೆಯಲು ಹೇಳಿದ್ದಾಳೆ, ನನ್ನದನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ.

ನಿಮ್ಮ ಮಗ,
ಕಿಟ್ಟುಸಾಮಿ

ಮರೆತೆ: ನಿಜವಾಗಿ ಬರೆಯಬೇಕಿದ್ದದ್ದು ಇದು. ನಲವತ್ತು ವರ್ಷ ನೀವು ಟವಲಿನ ಕೆಳಗೆ ಒಂದೇ ಬೆಲೆ ಹೇಳಿದಿರಿ. ಏಳೆಂದರೆ ಏಳು. ಗಿರಾಕಿ ಐದು ಎಂದರೆ ಕೈ ಎಳೆದುಕೊಳ್ಳದೆ, ಸಿಟ್ಟಾಗದೆ, ಮತ್ತೆ ಅದೇ ಏಳನ್ನು ಹಿಡಿಸುತ್ತಿದ್ದಿರಿ, ಅವನಾಗಿ ದಣಿಯುವ ತನಕ. "ನಾಚಿಮುತ್ತು ಕೈ ಕಲ್ಲು" ಎಂದು ಸಂತೆಯವರು ನಕ್ಕರು, ನಾನೂ ಅವರ ಜೊತೆ ನಿಂತು ನಕ್ಕಿದ್ದೆ. ತಪ್ಪಾಯಿತು. ಈಗ ಪೂವಿಳಿಗೆ ಆ ಕಲ್ಲೇ ಬೇಕು, ಎಷ್ಟು ಇಳಿಸಿದರೂ ಇಳಿಯದ ಕೈಯೂ ಒಂದಿದೆ ಎಂದು ಅವಳಿಗೆ ತಿಳಿಯಬೇಕು. ಹದಿನೆಂಟನೇ ತಾರೀಖು ಮಂಗಳವಾರ ಒಂಬತ್ತೂಕಾಲಿನ ಬಸ್ಸಿಗೆ ಬನ್ನಿ, ಪೊಳ್ಳಾಚಿಯಲ್ಲಿ ಕಾಯುತ್ತಿರುತ್ತೇನೆ. ಸದ್ಯ ಯಾರಿಗೆ ಏನು ದಕ್ಕಿದೆ ಎಂದರೆ: ಪೂವಿಳಿಗೆ ಒಂಬತ್ತರವರೆಗೆ ಎಣಿಕೆ ಮತ್ತು ನಗು. ದೈವಾತ್ತಾಳಿಗೆ ಹಗ್ಗ ಕಟ್ಟದ ಎರಡು ವರ್ಷ. ಜೆಬಮಣಿ ಟೀಚರಿಗೆ ಮುಂದಿನ ತಂಡದವರನ್ನು ನಗಿಸಲು ಒಂದು ಕಥೆ. ನನಗೆ ನಲವತ್ತೊಂದು ಅಂಕ. ನಿಮಗೆ ಇನ್ನೂ ಏನೂ ಇಲ್ಲ.