ಹಲ್ಲಿಲ್ಲದ ತೋಳ

ಅಮ್ಮಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ ಇಷ್ಟೇ.

ಜಾನಪದ ಕಥೆಗಳ ಪುಸ್ತಕಕ್ಕೆ ಮರದಲ್ಲಿ ಚಿತ್ರ ಕೆತ್ತುತ್ತಿದ್ದೇನೆ. ನೀನು ಹೇಳುತ್ತಿದ್ದೆಯಲ್ಲ, ಮುದುಕಿಯ ಬಾಗಿಲಿಗೆ ತೋಳ ಬರುವ ಕಥೆ, ಅದರ ಹಲಗೆ ಇವತ್ತು ಮುಗಿಯಿತು. ಶಾಯಿ ಸವರಿ ಒಂದು ಪ್ರತಿ ತೆಗೆದು, ಮನೆಗೆ ಬಂದಿದ್ದ ಸಂಪಾದಕರಿಗೆ ತೋರಿಸಿದೆ.

"ಏನ್ರೀ ಇದು, ತೋಳಕ್ಕೆ ಹಲ್ಲೇ ಇಲ್ವಲ್ಲ! ಡಾಕ್ಟ್ರು ಕಿತ್ಬಿಟ್ರಾ?"

"ಕಥೇಲಿ ಅದಕ್ಕೆ ಹಲ್ಲಿಲ್ಲ ಸಾರ್. ಬರೀ ನೆಕ್ಕುತ್ತೆ."

"ಯಾರ್ರೀ ಹೇಳಿದ್ದು? ಅದು ಮುದುಕೀನ ತಿಂದೇ ಹಾಕುತ್ತೆ!"

ಹಲಗೆ ದಂಡವಾಯಿತು, ಕೆಲಸವೂ ಹೋಯಿತು ಎಂದು ಬೆವೆತುಬಿಟ್ಟೆ. ಆಮೇಲೆ ಹೊಳೆಯಿತು, ಕೆತ್ತಿದ ಜಾಗ ಕಾಗದದ ಮೇಲೆ ಬೆಳ್ಳಗೆ ಮೂಡುತ್ತದೆ. ಕಪ್ಪು ಬಾಯಿಯೊಳಗೆ ಆರು ಗೀರು ಎಳೆದರೆ ಹಲ್ಲು ಬಂದಂತೆ. ಬಂದ ಮೇಲೆ ಮಾತ್ರ ಕೀಳುವಂತಿಲ್ಲ.

ಗುಬ್ಬಚ್ಚಿ ಗುಂಡಿಗೆಯ ನನಗೋಸ್ಕರ ಆ ಹಲ್ಲು ಕಿತ್ತವಳು ನೀನು ಎಂದು ನನ್ನ ನಲವತ್ತೆಂಟನೇ ವಯಸ್ಸಿಗೆ ತಿಳಿಯಿತು. ಹೀಗೆ ಇನ್ನೂ ಏನೇನರ ಹಲ್ಲು ಕಿತ್ತಿಟ್ಟಿದ್ದೆಯೋ. ನಿನ್ನ ಕೆಮ್ಮಿಗೆ "ಬರೀ ಧೂಳು ಕಣೋ" ಎಂದಾಗಲೂ ನಾನು ನಂಬಿದ್ದೆ.

"ಒಂದು ನಿಮಿಷ ಸಾರ್" ಎಂದೆ. ಉಳಿ ಮುಟ್ಟುವ ಮೊದಲೇ ಆ ಹಲ್ಲಿಲ್ಲದ ಪ್ರತಿಯನ್ನು ಮೇಜಿನೆದುರಿನ ಗೋಡೆಗೆ ಅಂಟಿಸಿಕೊಂಡೆ. ಆಮೇಲೆ ಆರು ಹಲ್ಲು ಕೆತ್ತಿದೆ. ಕೈ ನಡುಗಲಿಲ್ಲ ಅಮ್ಮಾ. ಹೊಸ ಪ್ರತಿ ನೋಡಿ "ಈಗ ತೋಳ ಆಯ್ತು ನೋಡ್ರೀ" ಎಂದು ಸಂಪಾದಕರು ಬೆನ್ನು ತಟ್ಟಿ ಹೋದರು.

ಪುಸ್ತಕದಲ್ಲಿ ಅದು ಮುದುಕಿಯನ್ನು ತಿಂದುಕೊಳ್ಳಲಿ. ನನ್ನ ಗೋಡೆಯ ಮೇಲಿನದು ಬರೀ ನೆಕ್ಕುತ್ತದೆ.

ನಿನ್ನ ಪುಕ್ಕಲ