ನಲವತ್ತೇಳು ಮೀಟರ್

ಆಗಸ್ಟ್ 3, ಬೆಳಿಗ್ಗೆ 6.10

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಹೆಲ್ಮೆಟ್ ಮರೆತು ಹೊರಟಿದ್ದೆ. ಅಮ್ಮ ರಸ್ತೆ ತಿರುವಿನವರೆಗೆ ಓಡಿ ಬಂದು ಕೊಟ್ಟಳು. ಅರವತ್ತೆಂಟರ ಹೆಂಗಸು ಓಡುತ್ತಾಳೆ, ನಲವತ್ತಾರರ ನನಗೆ ಏದುಸಿರು. ‘ತಲೆ ಇದ್ರೆ ತಾನೇ ಹೆಲ್ಮೆಟ್ ನೆನಪಾಗೋದು’ ಎಂದು ಬಸ್ಸಿನವರೆಲ್ಲ ಕೇಳುವ ಹಾಗೆ ಅಂದಳು.

ಪಿಟ್ — ಗಣಿಯ ತೆರೆದ ಗುಂಡಿ — ಇಂದಿಗೆ 212 ಮೀಟರ್ ಆಳ. ಒಂದು ಗಂಟೆಗೆ ಬಂಡೆ ಸಿಡಿಸುವ ಬ್ಲಾಸ್ಟ್. ಸರ್ವೆ ಆಫೀಸಿಗೆ ಸೇರಿ ಇಪ್ಪತ್ತಮೂರು ವರ್ಷವಾಯಿತು. ಚಿನ್ನದ ಗಣಿಯಲ್ಲಿ ಕೆಲಸ, ಕಲ್ಲಿನಲ್ಲಿ ಚಿನ್ನವನ್ನು ಒಮ್ಮೆಯೂ ಕಂಡಿಲ್ಲ. ಒಂದು ಟನ್ ಕಲ್ಲು ಹಿಟ್ಟು ಮಾಡಿದರೆ ಒಂದೂವರೆ ಗ್ರಾಂ. ನನ್ನ ಕಣ್ಣಿಗೆ ಬಿದ್ದದ್ದು ಧೂಳು ಮಾತ್ರ.

ಆಗಸ್ಟ್ 5

ಚೀಫ್ — ಸರ್ವೆ ಆಫೀಸಿನ ಮುಖ್ಯಸ್ಥರು — ಬಾಗಿಲು ಹಾಕಿಕೊಂಡು ಹೇಳಿದರು. 21ನೇ ತಾರೀಕು. ಅಂದಿಗೆ ನಾವು ಹಳೆಯ ಏಳನೇ ಲೆವೆಲ್ಲಿನ ಆ ಜಾಗಕ್ಕೆ ತಲುಪುತ್ತೇವೆ. ಯಂತ್ರ ನಿಲ್ಲಿಸಿ ಕೈಯಿಂದ ಅಗೆಸುತ್ತಾರಂತೆ. ಮ್ಯಾನೇಜರ್ ಒಪ್ಪಿದ್ದಾರೆ.

ಬರೆದಿಡುತ್ತೇನೆ, ತಲೆ ನೆಟ್ಟಗಿರುವಾಗಲೇ. ಈಗಿನ ತೆರೆದ ಪಿಟ್ಟಿಗೆ ಇಪ್ಪತ್ತೆಂಟು ವರ್ಷ. ಅದಕ್ಕೂ ಮುಂಚೆ ಇದೇ ಗುಡ್ಡದೊಳಗೆ ಎಂಬತ್ತು ವರ್ಷ ಸುರಂಗದ ಗಣಿ ಇತ್ತು. ಇಲಿ ಬಿಲ ತೋಡಿದ ಹಾಗೆ ಚಿನ್ನದ ಎಳೆಯ ಹಿಂದೆ ಹಿಂದೆಯೇ ತೋಡುತ್ತ, ಚಾವಣಿಗೆ ಮರದ ಕಂಬ ಕೊಡುತ್ತ ಹೋಗುತ್ತಿದ್ದರು. ಎಳೆ ಮುಗಿಯಿತು, ಮುಚ್ಚಿದರು. ಆಮೇಲೆ ದೊಡ್ಡ ಯಂತ್ರಗಳು ಬಂದವು. ಟನ್ನಿಗೆ ಒಂದೆರಡು ಗ್ರಾಂ ಇದ್ದರೂ ಗಿಟ್ಟುತ್ತದೆ ಅಂತಾಯಿತು. ಗುಡ್ಡವನ್ನೇ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತ ಇಳಿದರು. ಹಳೆಯ ಸುರಂಗಗಳು ಒಂದೊಂದಾಗಿ ಬಾಯಿ ಬಿಟ್ಟವು, ಡಂಪರ್ ಹತ್ತಿ ಹೋದವು.

ಏಳನೇ ಲೆವೆಲ್ಲಿನಲ್ಲಿ, ಅಂದರೆ ಸುರಂಗಗಳ ಏಳನೇ ಅಂತಸ್ತಿನಲ್ಲಿ, ಒಂದು ಸುರಂಗ ನಲವತ್ತು ವರ್ಷದ ಹಿಂದೆ ಕುಸಿಯಿತು. ಮೂವರು ಒಳಗೆ. ಒಂಬತ್ತು ದಿನ ಹುಡುಕಿದರು, ಸಿಗಲಿಲ್ಲ, ಕಾಂಕ್ರೀಟ್ ಹಾಕಿ ಮುಚ್ಚಿದರು. ಮೂವರಲ್ಲಿ ಒಬ್ಬರು ಅಪ್ಪ. ನನಗಾಗ ಆರು. ಉಳಿದಿಬ್ಬರ ಮನೆಯವರು ಊರು ಬಿಟ್ಟು ಎಷ್ಟೋ ಕಾಲವಾಯಿತು. ಊರಲ್ಲಿ ಉಳಿದದ್ದು ನಮ್ಮ ಮನೆಯವರು ಮಾತ್ರ.

ಆಗಸ್ಟ್ 6

ಅಮ್ಮನಿಗೆ ಹೇಳಿದೆ.

‘ಏನಾದ್ರೂ ಸಿಗುತ್ತಾ?’

‘ಸಿಗಬಹುದಮ್ಮ. ಮೂಳೆ... ಬೆಲ್ಟಿನ ಬಕಲ್ಲು...’

‘ಸಾಕು ಬಿಡು. ಸಿಕ್ಕಿದ್ದು ಸಿಗಲಿ. ನಾನೂ ಬರ್ತೀನಿ.’

‘ಪಿಟ್ ಒಳಗೆ ಹೊರಗಿನವರನ್ನ ಬಿಡಲ್ಲಮ್ಮ.’

‘ನಾನು ಹೊರಗಿನವಳಾ? ಮೂವತ್ತು ವರ್ಷ ನಿಮ್ಮ ಕಂಪನಿಯವರ ಕೊಳೆ ಬಟ್ಟೆ ಒಗೆದಿದೀನಿ. ಹೋಗಿ ಹೇಳು ನಿನ್ನ ಮ್ಯಾನೇಜರಿಗೆ.’

ಹೇಳಿದೆ. ಮ್ಯಾನೇಜರ್ ಮರುಮಾತಾಡದೆ ಪಾಸ್ ಬರೆಸಿಕೊಟ್ಟರು. ಅಮ್ಮನ ಹೆಸರು ಕೇಳಿದರೆ ಕಂಪನಿಯಲ್ಲಿ ಈಗಲೂ ಸ್ವಲ್ಪ ಭಯವಿದೆ.

ಆಗಸ್ಟ್ 9

ಚಿಕ್ಕಪ್ಪ ಮನೆಗೆ ಬಂದಿದ್ದರು. ಅಪ್ಪನ ಒಬ್ಬನೇ ತಮ್ಮ. ಪಿಟ್ಟಿನಲ್ಲಿ ಶವೆಲ್ ನಡೆಸುತ್ತಾರೆ — ಡಂಪರಿಗೆ ಕಲ್ಲು ತುಂಬುವ ಯಂತ್ರ, ಒಂದೊಂದು ಬಕೆಟ್ಟಿಗೆ ಇಪ್ಪತ್ತು ಟನ್. ಮುಂದಿನ ತಿಂಗಳು ರಿಟೈರ್. ಚಹಾ ಆರಿಹೋಯಿತು, ಕುಡಿಯಲಿಲ್ಲ.

‘ನಮ್ಮಣ್ಣನ್ನ ಬಕೆಟ್‌ನಲ್ಲಿ ಎತ್ತೋಕೆ ನನ್ನಿಂದ ಆಗಲ್ಲ ಕಣೇ. ಆ ವಾರ ರಜ ಹಾಕ್ತೀನಿ.’

‘ಕೈಯಲ್ಲೇ ಅಗೀತಾರೆ ಚಿಕ್ಕಪ್ಪ. ನಿಮ್ಮ ಶವೆಲ್ ಹತ್ತಿರಾನೂ ಬರಲ್ಲ.’

‘ಆದ್ರೂ.’

ಆಗಸ್ಟ್ 14

21ರ ಅಗೆತಕ್ಕೆ ಗೂಟ ನೆಟ್ಟು ಜಾಗ ಗುರುತಿಸಬೇಕು. ಕಂಪ್ಯೂಟರಿನ ನಕ್ಷೆಯೇ ಸಾಕಿತ್ತು. ಮನಸ್ಸು ತಡೆಯದೆ ಬೀರುವಿನಿಂದ ಏಳನೇ ಲೆವೆಲ್ಲಿನ ಮೂಲ ಹಾಳೆ ತೆಗೆದೆ. ಮಸಿಯಲ್ಲಿ ಕೈಯಿಂದ ಬರೆದದ್ದು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಅದರ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರ: ದಿಕ್ಸೂಚಿಯ ಪ್ರಕಾರ.

ಉಳಿದ ಲೆವೆಲ್ಲುಗಳ ಹಾಳೆಗಳನ್ನೂ ಹೊರತೆಗೆದು ಹರಡಿದೆ.

ಅವುಗಳಲ್ಲೆಲ್ಲ ನಿಜವಾದ ಉತ್ತರ ದಿಕ್ಕು. ಇದೊಂದನ್ನು ಮಾತ್ರ, ಕುಸಿದ ವಾರದ ಗಡಿಬಿಡಿಯಲ್ಲಿ, ದಿಕ್ಸೂಚಿಯ ಮುಳ್ಳು ನಂಬಿ ಬರೆದಿದ್ದಾರೆ. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಮೂರು ಡಿಗ್ರಿ ವ್ಯತ್ಯಾಸ. ಹಳೆಯ ಗಣಿಬಾಯಿಂದ ಒಂಬೈನೂರು ಮೀಟರ್ ಹೋಗುವಷ್ಟರಲ್ಲಿ ಆ ಮೂರು ಡಿಗ್ರಿ ನಲವತ್ತೇಳು ಮೀಟರ್ ಆಗಿರುತ್ತದೆ. ಹಾಳೆಯನ್ನು ಕಂಪ್ಯೂಟರಿಗೆ ಏರಿಸಿದ್ದು ಯಾರು? ನಾನೇ. ಹನ್ನೊಂದು ವರ್ಷದ ಹಿಂದೆ. ಕೆಳಗೆ ನನ್ನದೇ ಸಹಿ.

ಸರಿಯಾದ ಜಾಗಕ್ಕೆ ಗುರುತು ಹಾಕಿ ನೋಡಿದೆ. ಗುರುತು ಗಾಳಿಯಲ್ಲಿ ನಿಂತಿತು. ಅಲ್ಲಿ ಈಗ ಕಲ್ಲೇ ಇಲ್ಲ. ಮೇ 19ಕ್ಕೆ ತುಂಬಿ ಸಾಗಿಸಿಯಾಗಿದೆ. ಶವೆಲ್ ಮೇಲಿದ್ದದ್ದು ಚಿಕ್ಕಪ್ಪ.

ರೇಡಿಯೋದಲ್ಲಿ ಆಡಿದ ಮಾತು ಬರೆದಿಡುವ ಪುಸ್ತಕ ತೆಗೆದೆ. ಮೇ 19. 10.25, ಶವೆಲ್: ಹಳೇ ಮರದ ಕಂಬ ಬರ್ತಿವೆ, ನೋಡಿ ಹೇಳಿ. 10.31, ಸರ್ವೆ: ನಕ್ಷೆಯಲ್ಲಿ ಏನೂ ಇಲ್ಲ, ಮುಂದುವರಿಸಿ.

10.31ರ ಸರ್ವೆ ನಾನು.

ಇದೇ ದಿನಚರಿಯ ಪುಟ ತಿರುವಿದೆ. ಆ ದಿನ ಬರೆದದ್ದು ಇಷ್ಟೇ: ಸೊಂಟ ನೋವು, ಬೇರೆ ವಿಶೇಷವೇನಿಲ್ಲ.

ಸಂಜೆ

ಒಂದು ಮಾತು ಬಿಟ್ಟುಹೋಯಿತು. ಅಂದು ತುಂಬಿದ್ದು 38 ಡಂಪರ್. ಯಾವುದೂ ಕಲ್ಲು ಹಿಟ್ಟು ಮಾಡುವ ಮಿಲ್ಲಿಗೆ ಹೋಗಿಲ್ಲ. ಚಿನ್ನ ಕಡಿಮೆಯೆಂದು ಬಡಕಲ್ಲಿನ ರಾಶಿಗೆ ಸುರಿದಿದ್ದಾರೆ. ಮಿಲ್ಲಿಗೆ ಒಳ್ಳೆಯ ಕಲ್ಲು ಸಾಲದಾಗ ಬೇಕಾಗುತ್ತದೆಂದು ಎತ್ತಿಟ್ಟ ರಾಶಿ ಅದು. ಮೂರಂತಸ್ತಿನ ಮನೆಯಷ್ಟು ಎತ್ತರವಿದೆ. ಹುಡುಕುವುದೆಂದರೆ ಹೇಗೆ ಹುಡುಕುವುದು...

ಆಗಸ್ಟ್ 15

ಬಾವುಟ ಹಾರಿಸಿ ಮುಗಿದ ಮೇಲೆ ಚೀಫ್‌ಗೆ ಹಾಳೆ ತೋರಿಸಿದೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

‘ಯಾರಿಗೆ ಹೇಳಿದೀರಿ?’

‘ಯಾರಿಗೂ ಇಲ್ಲ.’

‘ಹೇಳಬೇಡಿ. 21ಕ್ಕೆ ಅಗೀತಾರೆ, ಏನೂ ಸಿಗಲ್ಲ, ಅಲ್ಲಿಗೆ ಮುಗೀತು. ಅಗೆದು ನೋಡಿದ್ವಿ ಅನ್ನೋ ಸಮಾಧಾನ ಆದ್ರೂ ಇರುತ್ತೆ. ಹೇಳಿದ್ರೆ ನಿಮ್ಮ ತಾಯಿಗೆ ಏನು ಸಿಗುತ್ತೆ? ನಿಮ್ಮ ಕೆಲಸ ಹೋಗುತ್ತೆ, ಅಷ್ಟೇ.’

ಕೆಟ್ಟ ಮನುಷ್ಯರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ತಲೆಯಾಡಿಸಿ ಬಂದೆ. ನನ್ನ ಮೇಲೆ ನನಗೇ ಅಸಹ್ಯ.

ಚಿಕ್ಕಪ್ಪನಿಗಂತೂ ಹೇಳುವುದಿಲ್ಲ. ಅದೊಂದು ನನ್ನ ಹೊಟ್ಟೆಯಲ್ಲೇ ಇರಲಿ.

ಆಗಸ್ಟ್ 19

ಆ ಕಡೆಯ ಶವೆಲ್ ಇಂದಿನಿಂದ ಬಂದ್. ಗೂಟ ನೆಟ್ಟು ಬಂದೆ. ತಪ್ಪು ಜಾಗದಲ್ಲಿ, ತಪ್ಪು ಎಂದು ಗೊತ್ತಿದ್ದೂ, ಅಳತೆ ಮಾತ್ರ ಅಚ್ಚುಕಟ್ಟು.

ಆಗಸ್ಟ್ 21

ಆರು ಜನ, ಹಾರೆ, ಸಲಿಕೆ. ಅಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಹೆಲ್ಮೆಟ್ ದೊಡ್ಡದಾಗಿ ಕಣ್ಣಿನವರೆಗೆ ಇಳಿಯುತ್ತಿತ್ತು, ಒಂದು ಕೈಯಿಂದ ಎತ್ತಿ ಹಿಡಿದು ನೋಡುತ್ತಿದ್ದಳು. ಅಗೆಯುವವರಿಗೆ ‘ನಿಧಾನಕ್ಕೆ ಕಣ್ರಪ್ಪ’ ಎಂದು ಎರಡು ಸಲ ಹೇಳಿದಳು. ಪಾಪ, ಅವರು ನಿಜವಾಗಿಯೂ ನಿಧಾನ ಮಾಡಿದರು. ಮೊಟ್ಟೆ ತೆಗೆಯುವ ಹಾಗೆ ಕಲ್ಲು ತೆಗೆದು ಪಕ್ಕಕ್ಕಿಟ್ಟರು.

ಗಟ್ಟಿ ಬಂಡೆ. ಮರದ ಚೂರಿಲ್ಲ, ಕಾಂಕ್ರೀಟಿಲ್ಲ. ನಾಲ್ಕು ಗಂಟೆಗೆ ಮ್ಯಾನೇಜರ್ ಬಂದು ಅಮ್ಮನ ಮುಂದೆ ಕೂತು, ಎಲ್ಲ ಪ್ರಯತ್ನ ಮಾಡಿದೆವು ಎಂದರು. ಚೀಫ್ ಆಕಾಶ ನೋಡುತ್ತಿದ್ದರು.

ಅಮ್ಮ ಏಳಲಿಲ್ಲ. ‘ಇಲ್ಲಿ ಇಲ್ಲ ಅಂದ್ರೆ ಎಲ್ಲಿ?’ ಕೇಳಿದ್ದು ಮ್ಯಾನೇಜರನ್ನು. ನೋಡಿದ್ದು ನನ್ನನ್ನು.

ಆಗಸ್ಟ್ 22

ಹೇಳಿಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಬಾಣ, ಮೂರು ಡಿಗ್ರಿ, ಮರದ ಕಂಬ, ನನ್ನ ಬಾಯಿಂದಲೇ ಬಂದ ‘ಮುಂದುವರಿಸಿ’, ಬಡಕಲ್ಲಿನ ರಾಶಿ. ಒಂದನ್ನೂ ಮುಚ್ಚಿಡಲಿಲ್ಲ. ಬೈಯಲಿ, ಬೇಕಾದರೆ ಹೊಡೆಯಲಿ ಎಂದು ನಿಂತಿದ್ದೆ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

‘ಹಾಗಾದ್ರೆ ಹೊರಗೆ ಬಂದಿದ್ದಾರೆ ಅನ್ನು.’

‘ಅಮ್ಮ, ನಾನು...’

‘ಅವರಿಗೆ ಕತ್ತಲೆ ಅಂದ್ರೆ ಆಗ್ತಿರಲಿಲ್ಲ ಕಣೇ. ಮನೇಲಿ ದೀಪ ಆರಿಸಿದ್ರೆ ಎದ್ದು ಕೂತ್ಕೊಳ್ಳೋರು. ಗಣಿ ಕೆಲಸದವರು, ನಾಚಿಕೆ ಆಗಲ್ವಾ ಅಂತ ಆಡ್ಕೊಳ್ತಿದ್ದೆ. ಎಷ್ಟು ಆಡ್ಕೊಂಡಿದ್ದೆನೋ...’ ತಟ್ಟೆ ಕೆಳಗಿಟ್ಟಳು. ‘ನಲವತ್ತು ವರ್ಷದಿಂದ ಅದೇ ಒಂದು ಕೊರಗು ನನಗೆ. ಮೂರು ತಿಂಗಳಿಂದ ಬಿಸಿಲಲ್ಲಿದ್ದಾರೆ ಅಂತೀಯ ನೀನು.’

ಆಮೇಲೆ ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಅಳು ಬರುತ್ತದೆ ಎಂದೇ ಗೊತ್ತಿರಲಿಲ್ಲ.

‘ನಾಳೆ ಕರ್ಕೊಂಡು ಹೋಗು’ ಅಂದಳು.

ಆಗಸ್ಟ್ 23, ಭಾನುವಾರ

ಬೇಲಿಯಾಚೆಯ ರಸ್ತೆಯಿಂದ ರಾಶಿ ಚೆನ್ನಾಗಿ ಕಾಣುತ್ತದೆ. ಅಮ್ಮ ಕೊಡೆ ತಂದಿದ್ದಳು, ಬಿಚ್ಚಲಿಲ್ಲ. ‘ಎಲ್ಲಿ?’ ಅಂದಳು. ಮೇ ತಿಂಗಳಲ್ಲಿ ಸುರಿದ ಅಂಚನ್ನು ತೋರಿಸಿದೆ. ಬೂದು ಕಲ್ಲು, ಅಲ್ಲಲ್ಲಿ ಹುಲ್ಲು ಚಿಗುರಿದೆ. ‘ಗಾಳಿ ಚೆನ್ನಾಗಿ ಬರುತ್ತೆ ಇಲ್ಲಿ’ ಅಂದಳು. ಮನೆ ನೋಡಲು ಬಂದವರು ಹೇಳುವ ಹಾಗೆ.

ಮೊಬೈಲ್ ಸದ್ದಾಯಿತು. ಮಿಲ್ಲಿನ ಆಫೀಸಿನಿಂದ, ಎಲ್ಲರಿಗೂ ಕಳಿಸಿದ ಮೆಸೇಜು. ಬುಧವಾರದಿಂದ ಶವೆಲ್ ನಿಂತಿದ್ದರಿಂದ ಮಿಲ್ಲಿಗೆ ಕಲ್ಲು ಸಾಲುತ್ತಿಲ್ಲ. ನಾಳೆ ಬೆಳಿಗ್ಗೆ ಆರರಿಂದ ಬಡಕಲ್ಲಿನ ರಾಶಿ ಎತ್ತಿ ಕ್ರಷರಿಗೆ ಹಾಕುವುದು. ಮೇ ಅಂಚಿನಿಂದ ಶುರು. ಸರ್ವೆಯವರು ಬೇಗ ಬಂದು ಗುರುತು ಹಾಕಿಕೊಡುವುದು.

ಎರಡು ಸಲ ಓದಿದೆ. ಜೇಬಿಗಿಟ್ಟೆ.

ಅಮ್ಮ ತಂತಿ ಹಿಡಿದು ನಿಂತಿದ್ದಳು. ಇಷ್ಟು ನಿರಾಳವಾದ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

‘ಇನ್ನು ಎಲ್ಲಿಗೂ ಸಾಗಿಸಲ್ಲ ತಾನೇ ಅವರನ್ನ?’

ಕೇಳಿ ನನ್ನ ಕಡೆ ತಿರುಗಿದಳು. ನಾನು ಹೇಳಿದ್ದು —