ಎಮ್ಮೆಗಳ ತಲೆಯ ಮೇಲೆ ಹೂವಿನ ತಗಡು

ಕುರುಗೋಡು
೧೬-೫-೧೯೫೧

ಸಿರುಗುಪ್ಪದ ಸೌಭಾಗ್ಯವತಿ ಅಕ್ಕನಾಗಮ್ಮನಿಗೆ,

ಕುರುಗೋಡಿನ ದೊಡ್ಡಮನೆಯ ಯಜಮಾನಿ, ನಿನ್ನ ಅಣ್ಣ ದಿವಂಗತ ಮರಿಬಸಪ್ಪನವರ ಹೆಂಡತಿ ವೀರಭದ್ರಮ್ಮ ಮಾಡುವ ಆಶೀರ್ವಾದ. ನಾನು ಬಳ್ಳಾರಿಯಲ್ಲಿ ಹೈಸ್ಕೂಲು ಓದಿದವಳು. ಈ ಕಾಗದವನ್ನು ಬೇರೆಯವರ ಕೈಯಲ್ಲಿ ಬರೆಸಿಲ್ಲ. ನಿನ್ನ ಅಣ್ಣ ಹೋದಂದಿನಿಂದ ಹೊಲ, ಗಾಡಿ, ಬೀಗದ ಕೈ ಎಲ್ಲ ನನ್ನ ವಶದಲ್ಲಿವೆ. ಊರಿನ ಹಿರಿಯರೂ ನಮ್ಮ ಕಟ್ಟೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಾರೆ. ಏರಿಸಿದವಳು ನೀನೊಬ್ಬಳೇ.

ಆಚೆ ವರ್ಷದ ದೀಪಾವಳಿ ನಿನಗೆ ನೆನಪಿರಬೇಕು. ನನ್ನ ಮಗಳು ವಿರೂಪಮ್ಮ ನಿನ್ನ ಮಗ ಜಡೆಪ್ಪನಿಗೆ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಅದನ್ನು ಗಟ್ಟಿ ಮಾಡಲು ನಿನ್ನನ್ನು ಕರೆಸಿ ಎಲೆ ಹಾಕಿಸಿದ್ದೆ. ನಮ್ಮ ಮಣ್ಣಿನ ಮಾಳಿಗೆಯಿಂದ ಚಿಟಿಕೆ ಮಣ್ಣು ನಿನ್ನ ಹೋಳಿಗೆಯ ಮೇಲೆ ಉದುರಿತು. ನೀನು ಎಲೆ ದೂಡಿ, ನೆಂಟರೆಲ್ಲ ಕೇಳುವಂತೆ ಅಂದೆ: “ನಿಮ್ಮನಿ ಹೆಣ್ಣು ತಂದ್ರ ಈ ಮಣ್ಣೂ ಸೆರಗಿನಾಗ ಕಟ್ಟಿಗೊಂಡು ಬರ್ತಾಳ, ಅತ್ತಿಗಿ. ನಮ್ಮನಿ ಛತ್ತ ನೋಡೀರೇನು? ಹೂವಿನ ತಗಡು! ಒಂದು ಹುಳ ಸೈತ ಬೀಳಂಗಿಲ್ಲ.”

ನೀನು ಹುಟ್ಟಿದ್ದು ಅದೇ ಮಾಳಿಗೆಯ ಕೆಳಗೆ. ಬಾಗಿಲ ಹಿಂದೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ವಿರೂಪಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ ಬಂದ ಸಂಬಂಧಗಳೂ ನಿನ್ನ ಮಾತು ಕೇಳಿಯೇ ಹಿಂದೆ ಸರಿದವು.

ಈ ಸಲ ಹತ್ತಿ ಮಾರಲು ಬಳ್ಳಾರಿಗೆ ಹೋದಾಗ ಗುಜರಿ ಅಂಗಡಿಯ ಮುಂದೆ ಹೂವು ಒತ್ತಿದ ನಿನ್ನ ಛತ್ತಿನ ತಗಡುಗಳು ರಾಶಿ ಬಿದ್ದಿದ್ದವು. ನೀನು ಸಿಮೆಂಟಿನ ಛತ್ತು ಹಾಕಿಸುತ್ತಿರುವ ಸುದ್ದಿ ಕೇಳಿದ್ದೆ. ಪೆಟ್ರೋಮ್ಯಾಕ್ಸ್ ತೂಗುತ್ತಿದ್ದ ಜಾಗದ ಮಸಿ ನೋಡಿ ಗುರುತು ಹಿಡಿದೆ. ಎಲ್ಲವನ್ನೂ ಕೊಂಡು ಗಾಡಿಗೆ ಹೇರಿಸಿದೆ.

ಹಿತ್ತಾಳೆ ಕೊಡ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಸಿದೆ. ಯುಗಾದಿಗೆ ಗೋಡೆಗೆ ಬಳಿದು ಉಳಿದ ಸುಣ್ಣವನ್ನೇ ಬಳಿಸಿದೆ. ಒಣಗಿದ ಮೇಲೆ ಅದು ಹಪ್ಪಳದಂತೆ ಎದ್ದು ಬಂತು, ಕೆಳಗೆಲ್ಲ ತುಕ್ಕು. ನಮ್ಮ ಆಳು ಗಿಡ್ಡಮ್ಮ ನಕ್ಕು, “ಅಮ್ಮಾರ, ತಗಡೂ ಸಿರುಗುಪ್ಪದಾಕಿಯಂಗ ಅದಾವ್ರಿ, ನಮ್ಮ ಸುಣ್ಣ ಮುಟ್ಟಿಸಿಗೊಳ್ಳವಲ್ಲವು” ಅಂದಳು.

ಆಗ ಸಿರುಗುಪ್ಪದ ಕಡೆಯ ಒಬ್ಬ ಬಂದ. “ತಗಡಿಗೆ ಸುಣ್ಣ ಹಿಡಿಯಂಗಿಲ್ರಿ, ಎಣ್ಣಿ ಬಣ್ಣ ಬೇಕು” ಎಂದು ಅಂಗಿ ಕಳಚಿ ಕೂತ. ಹಳೆಯ ಬಣ್ಣ ಕೆರೆದ, ಸೋಡಾ ನೀರಿನಲ್ಲಿ ಜಿಡ್ಡು ತೊಳೆದ, ಬಿಸಿಲಿಗೆ ಒಣಗಿಸಿ ಉಪ್ಪುಕಾಗದದಿಂದ ತುಕ್ಕು ಉಜ್ಜಿದ. ಅಗಸೆ ಎಣ್ಣೆಯಲ್ಲಿ ಕಲಸಿದ ಕೆಂಪು ಮೊದಲು, ಅದು ಒಣಗಿದ ಮೇಲೆ ಬಿಳಿ. ಹೂವಿನ ಎಸಳುಗಳಿಗೆ ವಿರೂಪಮ್ಮ ತೆಳು ಕುಂಚ ಹಿಡಿದು ಹಸಿರು ತುಂಬಿದಳು. ಆ ಹಸಿರು ಅವನ ಮೊಣಕೈಗೂ ಹತ್ತಿತ್ತು. ನಾನು ನೋಡಿದೆ.

ಈ ತಗಡನ್ನು ಪಡಸಾಲೆಗೆ ಹೊಡೆಸುತ್ತೇನೆಂದು ಊರು ತಿಳಿದಿತ್ತು. ನಾವು ನಮ್ಮ ಮಣ್ಣಿನ ಮಾಳಿಗೆಯ ಕೆಳಗೇ ಉಣ್ಣುತ್ತೇವೆ. ನಿನ್ನ ತಗಡನ್ನು ಎಮ್ಮೆಗಳ ಕೊಟ್ಟಿಗೆಗೆ ಹೊಡೆಸಿದ್ದೇನೆ. ಅವುಗಳ ಮೇವಿನ ಮೇಲೆ ಈಗ ಒಂದು ಹುಳವೂ ಬೀಳುವುದಿಲ್ಲ. ಈ ಮನೆಗೆ ಬರುವವರು ಕೊಟ್ಟಿಗೆ ದಾಟಿಯೇ ಪಡಸಾಲೆ ಹತ್ತಬೇಕು. ಯಾರ ಮನೆಯ ತಗಡೆಂದು ಕೇಳುತ್ತಾರೆ. ನಿನ್ನ ಹೆಸರನ್ನು, ಊರು ಸಮೇತ, ಹೇಳುತ್ತೇನೆ.

ನಿನ್ನ ಅತ್ತಿಗೆ,
ವೀರಭದ್ರಮ್ಮ

ತಾ.ಕ.: ಬಣ್ಣ ಹಚ್ಚಲು ಬಂದವನು ನಿನ್ನ ಮಗ ಜಡೆಪ್ಪ. ಬಳ್ಳಾರಿಯಲ್ಲಿ ಕೆಲಸವಿದೆಯೆಂದು ನಿನಗೆ ಹೇಳಿ ಬಂದಿದ್ದನಂತೆ. ಅವನ ರೊಟ್ಟಿಯ ಮೇಲೂ ಮಣ್ಣು ಉದುರಿತು. ಬೆರಳಿನಿಂದ ಸರಿಸಿ, “ಇನ್ನೊಂದು ಹಾಕ್ರಿ, ಅತ್ತಿ” ಅಂದ. ಮೊನ್ನೆ ಸೋಮವಾರ ಬಸವೇಶ್ವರನ ಗುಡಿಯಲ್ಲಿ ವಿರೂಪಮ್ಮನಿಗೆ ತಾಳಿ ಕಟ್ಟಿದ್ದಾನೆ. ಇನ್ನು ಮನೆ ಅಳಿಯನಾಗಿ ಇಲ್ಲೇ ಇರುತ್ತಾನೆ. ಮಗನನ್ನು ನೋಡಬೇಕೆನಿಸಿದರೆ ಬಾ. ಮಾಳಿಗೆಯ ಮಣ್ಣು ಇನ್ನೂ ಸೇರದಿದ್ದರೆ ಎಮ್ಮೆಗಳ ಪಕ್ಕದಲ್ಲಿ ಎಲೆ ಹಾಕಿಸುತ್ತೇನೆ. ಅಲ್ಲಿ ಮೇಲೆ ನಿನ್ನ ತಗಡೇ ಇದೆ.